ಸೀಸದ ಕಡ್ಡಿಯೂ ಮೀನಿನ ಬೆಳ್ಳಿಯೂ

ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಮೂಸೆ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಅದಿರಿನಿಂದ ಬೇರ್ಪಟ್ಟ ಚಿನ್ನವನ್ನು ಕರಗಿಸುವ ಪಾತ್ರೆ ಅದು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟು ಶಾಖಕ್ಕೆ ಬಿರಿಯದೆ, ಕರಗದೆ ನಿಲ್ಲಬಲ್ಲ ಮೂಸೆಯನ್ನು ಜೇಡಿಮಣ್ಣು ಮತ್ತು ಗ್ರಾಫೈಟ್ ಎಂಬ ಎರಡು ಪದಾರ್ಥಗಳನ್ನು ಕಲಸಿ, ಸುಟ್ಟು ಮಾಡುವ ಪದ್ಧತಿ ಬಹಳ ಹಳೆಯದು. ಬಂಗಾರಪೇಟೆಯ ಅಂಗಡಿಯಲ್ಲಿ ಶಾಲೆಯ ಮಗುವೊಂದು ಕೊಳ್ಳುವ ಸೀಸದ ಕಡ್ಡಿಯ ಒಡಲಲ್ಲಿರುವುದೂ ಅದೇ ಜೇಡಿಮಣ್ಣು, ಅದೇ ಗ್ರಾಫೈಟ್. ಅದನ್ನು ಗಟ್ಟಿಮಾಡಿದುದೂ ಬೆಂಕಿಯೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಮೂಸೆಗಳು ತಣ್ಣಗಾದವು. ಮೂಸೆಯ ಈ ಕಿರಿಯ ಬಂಧು ಮಾತ್ರ ಶಾಲೆಗಳಲ್ಲಿ ಉಳಿದುಕೊಂಡು ಬಂದಿದೆ. ಆದರೆ ಅದರಿಂದ ಏನೇನು ಸಾಧ್ಯವೆಂಬುದನ್ನು ಶಾಲೆಗಳು ಪೂರ್ತಿಯಾಗಿ ಕಂಡುಕೊಂಡಂತೆ ತೋರುವುದಿಲ್ಲ. ಮೀನಿನ ಚಿತ್ರವೊಂದನ್ನು ಬರೆಯಿಸಿ ನೋಡಿದರೆ ಸಾಕು, ಈ ಮಾತಿನ ನಿಜ ತಿಳಿದೀತು.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ನಾವು ಸೀಸದ ಕಡ್ಡಿ ಎನ್ನುತ್ತೇವೆಯಾದರೂ ಅದರಲ್ಲಿ ಸೀಸವೆಂಬ ಲೋಹದ ಲೇಶವೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬ ಕಣಿವೆಯಲ್ಲಿ ಕಪ್ಪಗೆ ಜಿಡ್ಡುಜಿಡ್ಡಾದ ಖನಿಜವೊಂದು ಸಿಕ್ಕಿತು. ಕುರುಬರು ಅದರಿಂದ ಕುರಿಗಳ ಮೇಲೆ ಗುರುತು ಹಾಕುತ್ತಿದ್ದರೆಂದು ಹೇಳಿಕೆಯುಂಟು. ಅದನ್ನು ಒಂದು ಬಗೆಯ ಸೀಸವೆಂದೇ ಜನ ತಿಳಿದರು. ಅದು ಇಂಗಾಲದ ಒಂದು ರೂಪವೆಂದು 1779ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ತೋರಿಸಿಕೊಟ್ಟನು. 1789ರಲ್ಲಿ ಜರ್ಮನಿಯ ವೆರ್ನರ್, ಬರೆಯುವುದು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಗ್ರಾಫೈಟ್ ಎಂಬ ಹೆಸರನ್ನು ಕೊಟ್ಟನು. ಅಷ್ಟರಲ್ಲಿ ಸೀಸ ಎಂಬ ತಪ್ಪು ಹೆಸರು ಅನೇಕ ಭಾಷೆಗಳಲ್ಲಿ ಬೇರೂರಿತ್ತು, ನಮ್ಮಲ್ಲಿಯೂ ನೆಲೆಯಾಯಿತು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆದು ಬಾರೋಡೇಲಿನ ಸರಕು ದೊರೆಯದಂತಾದಾಗ, ಕೊಂತೆ ಎಂಬ ಫ್ರೆಂಚನು 1795ರಲ್ಲಿ ಕೀಳು ದರ್ಜೆಯ ಗ್ರಾಫೈಟಿನ ಪುಡಿಗೆ ಜೇಡಿಯನ್ನು ಬೆರಸಿ ಸುಡುವ ಉಪಾಯವನ್ನು ಕಂಡುಹಿಡಿದನು. ಜೇಡಿ ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತೆಳು ಬೂದಿ. ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೃದು, ಗೆರೆ ಕಪ್ಪು. ಇಂದಿಗೂ ಕಡ್ಡಿಯ ತುದಿಯಲ್ಲಿ ಅಚ್ಚಾಗಿರುವ ಎಚ್, ಎಚ್‌ಬಿ, 2ಬಿ, 6ಬಿ ಎಂಬ ಗುರುತುಗಳು ಈ ಪಾಕದ ಲೆಕ್ಕವನ್ನೇ ಹೇಳುತ್ತವೆ.

ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಗಳಾಗಿ ಹೆಣೆದುಕೊಂಡು ಹಾಳೆಗಳಾಗಿರುತ್ತವೆ. ಒಂದೊಂದು ಹಾಳೆಯೂ ತನ್ನಷ್ಟಕ್ಕೆ ಬಹು ಗಟ್ಟಿ. ಆದರೆ ಹಾಳೆ ಹಾಳೆಗೂ ಇರುವ ನಂಟು ದುರ್ಬಲ. ಕಡ್ಡಿಯನ್ನು ಕಾಗದದ ಮೇಲೆ ಎಳೆದಾಗ ಪದರಗಳು ಜಾರಿ ಕಾಗದದ ನಾರಿಗೆ ಅಂಟಿಕೊಳ್ಳುತ್ತವೆ. ಬರಹವೆಂದರೆ ಈ ಜಾರಿದ ಪದರಗಳೇ. ಚಪ್ಪಟೆಯಾದ ಆ ಚೂರುಗಳು ಬೆಳಕನ್ನು ಕನ್ನಡಿಯಂತೆ ಒಂದೇ ಕಡೆಗೆ ಹಿಂದಿರುಗಿಸುವುದರಿಂದ, ಗ್ರಾಫೈಟಿನ ಗೆರೆಗೆ ಲೋಹದ ಹೊಳಪು ಬರುತ್ತದೆ. ಇದ್ದಿಲಿಗೆ ಈ ಹೊಳಪಿಲ್ಲ, ದೀಪದ ಕಾಡಿಗೆಗೂ ಇಲ್ಲ. ಮೂರೂ ಇಂಗಾಲವೇ ಆದರೂ ಜೋಡಣೆ ಬೇರೆ.

ಇನ್ನು ಮೀನಿನ ಕಡೆಗೆ ಬರಬಹುದು. ಮೀನಿನ ಪಕ್ಕೆಯ ಬೆಳ್ಳಿಯಲ್ಲಿ ಯಾವ ಬಣ್ಣವೂ ಇಲ್ಲ, ಲೋಹವೂ ಇಲ್ಲ. ವಂಶವಾಹಿ ದ್ರವ್ಯದ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ ಎಂಬ ವಸ್ತು ತೆಳ್ಳನೆಯ ಹರಳು ಬಿಲ್ಲೆಗಳಾಗಿ ಮೀನಿನ ಚರ್ಮದಲ್ಲಿಯೂ ಹುರುಪೆಗಳ ಅಡಿಯಲ್ಲಿಯೂ ಒಂದರ ಮೇಲೊಂದು ಪೇರಿಕೊಂಡಿರುತ್ತದೆ. ಬಿಲ್ಲೆಯಿಂದ ಬಿಲ್ಲೆಗೆ ಪ್ರತಿಫಲಿಸಿ ಒಂದಕ್ಕೊಂದು ಕೂಡಿಕೊಂಡ ಬೆಳಕೇ ನಮ್ಮ ಕಣ್ಣಿಗೆ ಬೆಳ್ಳಿಯಾಗಿ ತೋರುತ್ತದೆ. ಬ್ರಿಟನ್ನಿನ ವಿಜ್ಞಾನಿ ಎರಿಕ್ ಡೆಂಟನ್ 1970ರ ಸುಮಾರಿನಲ್ಲಿ ಈ ಬಿಲ್ಲೆಗಳ ಜೋಡಣೆಯನ್ನು ವಿವರಿಸಿದ್ದು ಸೊಗಸಾಗಿದೆ. ಮೀನಿನ ಮೈ ಬಾಗಿದ್ದರೂ ಅನೇಕ ಮೀನುಗಳಲ್ಲಿ ಬಿಲ್ಲೆಗಳು ನೀರಿನಲ್ಲಿ ಲಂಬವಾಗಿಯೇ ನಿಂತಿರುತ್ತವೆ. ಹೀಗಾಗಿ ಮೀನು ತನ್ನ ಸುತ್ತಲಿನ ನೀರಿನ ಬೆಳಕನ್ನೇ ನೋಡುವವನಿಗೆ ಹಿಂದಿರುಗಿಸಿ ಕಾಣದಂತಾಗುತ್ತದೆ. ಮೇಲಿನಿಂದ ನೋಡುವ ಹಕ್ಕಿಗೆ ಕಪ್ಪು ಬೆನ್ನು ಕೆರೆಯ ತಳದೊಡನೆ ಬೆರೆತುಹೋಗುತ್ತದೆ. ನೀರಿನಲ್ಲಿ ಅಡಗಿಸುವ ಬೆಳ್ಳಿಯೇ ದಡಕ್ಕೆ ಬಂದಾಗ ಮೀನನ್ನು ಬಯಲಿಗೆಳೆಯುತ್ತದೆ.

ಗ್ರಾಫೈಟಿನ ಹೊಳಪಿಗೂ ಗ್ವಾನಿನ್ನಿನ ಹೊಳಪಿಗೂ ಕಾರಣ ಒಂದೇ ಅಲ್ಲ. ಒಂದು ಬೆಳಕನ್ನು ದಾಟಗೊಡದ ಕಪ್ಪು ಪದರ, ಇನ್ನೊಂದು ಪಾರದರ್ಶಕ ಹರಳು. ಆದರೂ ಎರಡೂ ಪದರ ಪದರವಾದ ಪದಾರ್ಥಗಳು, ಎರಡೂ ಓರೆಯಾಗಿ ನೋಡಿದಾಗ ಬದಲಾಗುವ ಹೊಳಪಿನವು. ಮೀನನ್ನು ಬರೆಯಲು ಕಪ್ಪು ಬಿಳುಪಿನ ಸಾಧನಗಳಲ್ಲಿ ಗ್ರಾಫೈಟಿನಷ್ಟು ಹೊಂದುವುದು ಇನ್ನೊಂದಿಲ್ಲವೆಂಬ ಮಾತಿಗೆ ಇದು ಆಧಾರ. ಜಲವರ್ಣದಲ್ಲಿ ಬೂದಿ ಬಣ್ಣವನ್ನು ಎಷ್ಟು ಬಳಿದರೂ ಮೀನು ಮಣ್ಣಿನ ಗೊಂಬೆಯಂತೆ ಉಳಿಯುವುದುಂಟು. ಸೀಸದ ಕಡ್ಡಿಯ ಹತ್ತು ಗೆರೆಗಳಲ್ಲಿ ಅದು ಒದ್ದೆಯಾಗಬಲ್ಲದು.

ಇಲ್ಲಿ ಒಂದು ವಿಚಿತ್ರವಿದೆ. ಗ್ರಾಫೈಟ್ ತಾನಾಗಿ ಹೊಳೆಯುವುದು ಬಲವಾಗಿ ಒತ್ತಿ ಬರೆದ ಕಡೆ, ಅಂದರೆ ಚಿತ್ರದ ಅತಿ ಕಪ್ಪಾದ ಭಾಗದಲ್ಲಿ. ಮೀನು ಹೊಳೆಯುವುದೋ ಅತಿ ಬೆಳ್ಳಗಿನ ಭಾಗದಲ್ಲಿ. ಇದನ್ನರಿಯದ ವಿದ್ಯಾರ್ಥಿ ಪಕ್ಕೆಯ ಮೇಲೆಲ್ಲ 6ಬಿ ಕಡ್ಡಿಯನ್ನು ಉಜ್ಜಿ ಹೊಳಪು ತರಲು ಹೋಗುತ್ತಾನೆ. ಬರುವುದು ಕಾಯಿಸಿದ ಬಾಣಲೆಯ ಹೊಳಪು. ಗ್ರಾಫೈಟಿನ ಸ್ವಂತ ಹೊಳಪಿಗೆ ತಕ್ಕ ಜಾಗ ಮೀನಿನ ಬೆನ್ನು. ಕಪ್ಪಾಗಿದ್ದೂ ಜಿಡ್ಡುಜಿಡ್ಡಾಗಿ ಮಿನುಗುವ ಆ ಬೆನ್ನಿಗೆ ಮೃದುವಾದ ಕಡ್ಡಿಯ ಒತ್ತು ಸಲ್ಲುತ್ತದೆ. ಪಕ್ಕೆಯ ಬೆಳ್ಳಿಯನ್ನು ಮಾತ್ರ ಕಡ್ಡಿ ಬರೆಯಲಾರದು. ಅದನ್ನು ಕಾಗದವೇ ಬರೆಯಬೇಕು. ಮುಟ್ಟದೆ ಬಿಟ್ಟ ಬಿಳಿಯ ಪಕ್ಕದಲ್ಲಿಯೇ, ನಡುವೆ ಬೂದಿಯ ಮೆಟ್ಟಿಲಿಲ್ಲದೆ, ಕಪ್ಪನ್ನು ಒಮ್ಮೆಗೇ ತಂದು ನಿಲ್ಲಿಸಿದರೆ ಕಣ್ಣು ಅದನ್ನು ಲೋಹದ ಹೊಳಪೆಂದು ಓದಿಕೊಳ್ಳುತ್ತದೆ. ಮಡಕೆಯ ಮೇಲೆ ಬೆಳಕು ನಿಧಾನವಾಗಿ ನೆರಳಾಗುತ್ತದೆ. ಹಿತ್ತಾಳೆಯ ಚೆಂಬಿನ ಮೇಲೆ ಬೆಳಕೂ ಕತ್ತಲೆಯೂ ಗಡಿಹಾಕಿಕೊಂಡು ನಿಲ್ಲುತ್ತವೆ. ಮೀನು ಚೆಂಬಿನ ಜಾತಿಗೆ ಸೇರಿದ್ದು. ಚಿತ್ರದ ಅಧ್ಯಾಪಕರು ಮಡಕೆ, ಚೆಂಬು, ಮೀನು ಈ ಮೂರನ್ನೂ ಒಂದೇ ಕಿಟಕಿಯ ಬೆಳಕಿನಲ್ಲಿ ಇಟ್ಟು ತೋರಿಸಿದರೆ ಒಂದು ಗಂಟೆಯ ಉಪನ್ಯಾಸ ಉಳಿಯುತ್ತದೆ.

ಹುರುಪೆಗಳದು ಇನ್ನೊಂದು ತೊಡಕು. ನಾಡಹಂಚಿನ ಮಾಡಿನಂತೆ ಅವು ತಲೆಯ ಕಡೆಯಿಂದ ಬಾಲದ ಕಡೆಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಸಾಮಾನ್ಯವಾಗಿ ಮಕ್ಕಳು ಮೈಯ ಹೊರರೇಖೆಯನ್ನು ಬರೆದು, ಒಳಗೆಲ್ಲ ಬಲೆಯಂತೆ ಓರೆಗೆರೆಗಳನ್ನು ಎಳೆದುಬಿಡುತ್ತಾರೆ. ಬಲೆಯಲ್ಲಿ ಸಿಕ್ಕ ಮೀನು ಕಾಣುವುದೇ ಹೊರತು ಹುರುಪೆ ಕಾಣುವುದಿಲ್ಲ. ಸರಿಯಾದ ದಾರಿಯೆಂದರೆ ಪಾರ್ಶ್ವರೇಖೆಯನ್ನು ಮೊದಲು ಹಿಡಿಯುವುದು. ಕಿವಿರಿನ ಮುಚ್ಚಳದ ಹಿಂದಿನಿಂದ ಬಾಲದವರೆಗೆ ಸಣ್ಣ ತೂತುಗಳ ಸಾಲಾಗಿ ಹೋಗುವ ಈ ಗೆರೆಯಿಂದ ಮೀನು ನೀರಿನ ಕದಲಿಕೆಯನ್ನು ಅರಿಯುತ್ತದೆ. ರೋಹು ಮೀನಿನಲ್ಲಿ ಈ ಗೆರೆಯ ಮೇಲೆ ಸುಮಾರು ನಲವತ್ತು ಹುರುಪೆಗಳಿರುತ್ತವೆ. ಎಣಿಸಿ ನೋಡಬಹುದು, ಎಣಿಸಿಯೇ ನೋಡಬೇಕು. ನಮ್ಮ ಜನ ಜಿಲೇಬಿ ಮೀನೆಂದು ಕರೆಯುವ ತಿಲಾಪಿಯದಲ್ಲಿ ಗೆರೆ ನಡುದಾರಿಯಲ್ಲಿ ತುಂಡಾಗಿ, ಕೆಳಗಿಳಿದು ಮತ್ತೆ ಮುಂದುವರಿಯುತ್ತದೆ. ಈ ಒಂದು ಸಾಲು ನೆಟ್ಟಗೆ ಬಂದರೆ ಉಳಿದ ಹುರುಪೆಗಳನ್ನು ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಮಾತ್ರ ಎಚ್‌ಬಿ ಕಡ್ಡಿಯ ಮೊನೆಯಿಂದ ಸೂಚಿಸಿದರೂ ಸಾಕು. ಮಿಕ್ಕದ್ದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತದೆ.

ಎಲ್ಲ ಮೀನಿಗೂ ಹುರುಪೆಯಿಲ್ಲ ಎಂಬುದನ್ನೂ ಹೇಳಬೇಕು. ಈ ಭೇದವನ್ನು ಕನ್ನಡ ನಾಡಿನ ಅರಸನೊಬ್ಬನು ಒಂಬತ್ತು ಶತಮಾನಗಳ ಹಿಂದೆಯೇ ಗುರುತಿಸಿದ್ದನು. ಕ್ರಿ.ಶ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮೀನುಗಳನ್ನು ಹುರುಪೆಯುಳ್ಳವು, ಬರಿಯ ಚರ್ಮವುಳ್ಳವು ಎಂದು ವಿಂಗಡಿಸಿ, ಯಾವುದು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ಆಹಾರ ಮೆಚ್ಚು ಎಂಬುದನ್ನೆಲ್ಲ ಹೇಳಿದೆ. ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಹಿರಿಯರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣದ ಮೇಲೆ ವಿವರವಾದ ಲೇಖನ ಬರೆದರು. ಸ್ವಾರಸ್ಯವೆಂದರೆ ಅದೇ ಗ್ರಂಥದಲ್ಲಿ ಚಿತ್ರಕರ್ಮದ ಪ್ರಕರಣವೂ ಇದ್ದು, ಮೊದಲ ರೂಪರೇಖೆಯನ್ನು ಎಳೆಯುವ ವರ್ತಿಕೆಯನ್ನು ಮಾಡುವ ಕ್ರಮ ಅಲ್ಲಿದೆ: ಕಾಡಿಗೆಯನ್ನು ಬೆಂದ ಅನ್ನದೊಡನೆ ನಾದಿ, ಬತ್ತಿಯಂತೆ ಹೊಸೆಯಬೇಕು. ಒಂದು ಕರಿಯ ಪದಾರ್ಥ, ಅದನ್ನು ಹಿಡಿದು ನಿಲ್ಲಿಸುವ ಒಂದು ಅಂಟು. ಕೊಂತೆಯ ಉಪಾಯಕ್ಕೂ ಇದಕ್ಕೂ ತತ್ತ್ವದಲ್ಲಿ ದೂರವಿಲ್ಲ. ವರ್ತಿಕೆಯ ಗೆರೆ ಮಾತ್ರ ಹೊಳಪಿಲ್ಲದ ಮಂಕು ಕಪ್ಪು. ಸೋಮೇಶ್ವರನ ಚಿತ್ರಗಾರರು ಬಣ್ಣ ತುಂಬುವ ಮುನ್ನ ಆಕಾರ ಹಿಡಿಯುವುದಕ್ಕೆ ಅದನ್ನು ಬಳಸುತ್ತಿದ್ದರಾದ್ದರಿಂದ ಹೊಳಪು ಅವರಿಗೆ ಬೇಕಾಗಿರಲಿಲ್ಲ. ಈ ಗ್ರಂಥದ ಒಂದು ಭಾಗವನ್ನು ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಅದರ ಮತ್ತೊಂದು ಹೆಸರಿನಲ್ಲಿ ಮೈಸೂರಿನಿಂದಲೇ 1926ರಲ್ಲಿ ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದರು.

ಹುರುಪೆಯಿಲ್ಲದ ಚೇಳು ಮೀನನ್ನು ಬರೆಯುವಾಗ ಮೇಲೆ ಹೇಳಿದ ಕಟ್ಟುನಿಟ್ಟಿನ ಕಪ್ಪು ಬಿಳುಪು ಒಗ್ಗುವುದಿಲ್ಲ. ಅದರ ಮೈ ಒದ್ದೆಯಾದ ತೊಗಲು. ಗ್ರಾಫೈಟಿನ ಪುಡಿಯನ್ನು ಹತ್ತಿಯಲ್ಲಿ ತೆಗೆದು ಮೆಲ್ಲಗೆ ಒರಸಿ, ಬೆಳಕಿನ ಚುಕ್ಕೆಗಳನ್ನು ರಬ್ಬರಿನ ಮೂಲೆಯಿಂದ ಎತ್ತಿದರೆ ತೊಗಲಿನ ಗುಣ ಬರುತ್ತದೆ. ಮೀಸೆಗಳನ್ನು ಮಾತ್ರ ಒಂದೊಂದೇ ಎಳೆತದಲ್ಲಿ, ಬುಡದಲ್ಲಿ ಒತ್ತಿ ತುದಿಯಲ್ಲಿ ಬಿಟ್ಟು, ಎಳೆಯಬೇಕು. ತಿದ್ದಿದ ಮೀಸೆ ದಾರದಂತೆ ಕಾಣುತ್ತದೆ. ಬೆರಳಿನಿಂದ ಉಜ್ಜುವ ಅಭ್ಯಾಸವನ್ನು ಆರಂಭದಲ್ಲಿಯೇ ಬಿಡಿಸುವುದು ಮೇಲು. ಬೆರಳಿನ ಜಿಡ್ಡು ಕಾಗದಕ್ಕೆ ಹತ್ತಿದರೆ ಆ ಕಲೆಯನ್ನು ಯಾವ ರಬ್ಬರೂ ತೆಗೆಯಲಾರದು.

ಈ ಸೀಮೆಗೂ ಮೀನಿನ ಚಿತ್ರಕ್ಕೂ ಇನ್ನೊಂದು ಹಳೆಯ ನಂಟಿದೆ. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, 1800ರ ಬೇಸಿಗೆಯಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯ ಸ್ಥಿತಿಗತಿಗಳನ್ನು ಬರೆದುಕೊಳ್ಳಲು ಮದ್ರಾಸಿನಿಂದ ಹೊರಟು, ಘಟ್ಟವನ್ನೇರಿ, ಬೇತಮಂಗಲ, ಟೇಕಲ್ ಮಾರ್ಗವಾಗಿ ಬೆಂಗಳೂರಿಗೆ ಹೋದನು. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯೇ ಮುಂದೆ ಚಿನ್ನದ ಗಣಿಗಳ ಊರಿಗೆ ನೀರುಣಿಸಿದ್ದು. ಆ ಪ್ರವಾಸದ ದಿನಚರಿ 1807ರಲ್ಲಿ ಅಚ್ಚಾಯಿತು. ನಮ್ಮ ಇತಿಹಾಸಕಾರರು ಅದನ್ನು ಬಹಳವಾಗಿ ಬಳಸಿಕೊಂಡಿದ್ದಾರೆ. ಅದೇ ಬುಕಾನನ್ನನು, ಅಷ್ಟರಲ್ಲಿ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದನೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಅದರಲ್ಲಿ 39 ಚಿತ್ರಫಲಕಗಳಿವೆ. ಅವನಿಗಾಗಿ ಪ್ರಾಣಿಗಳನ್ನೂ ಮೀನುಗಳನ್ನೂ ಬರೆದವರಲ್ಲಿ ಹಲುದಾರ್ ಎಂಬ ಬಂಗಾಳಿ ಚಿತ್ರಕಾರನ ಹೆಸರು ಉಳಿದುಬಂದಿದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಶಾಸ್ತ್ರೀಯ ನಾಮಕರಣವಾದದ್ದು ಈ ಗ್ರಂಥದಲ್ಲಿಯೇ. ಗಂಗೆಯ ಬಯಲಿನ ಈ ಮೂರು ಗೆಂಡೆಗಳನ್ನೇ ಈಗ ಕೋಲಾರ ಜಿಲ್ಲೆಯ ಕೆರೆಗಳಿಗೆ ಮರಿಗಳಾಗಿ ತಂದು ಬಿಡುತ್ತಾರೆ. ರಾಬರ್ಟ್‌ಸನ್ ಪೇಟೆಯ ಮಾರುಕಟ್ಟೆಯಲ್ಲಿ ತಕ್ಕಡಿಗೆ ಬೀಳುವ ರೋಹುವಿನ ಶಾಸ್ತ್ರೀಯ ಹೆಸರಿನ ಹಿಂದೆ, ಒಮ್ಮೆ ಬೇತಮಂಗಲದಲ್ಲಿ ಡೇರೆ ಹಾಕಿದ್ದ ಪ್ರವಾಸಿಯ ಹೆಸರಿದೆ.

ಮೀನಿನ ಶಾಸ್ತ್ರದಲ್ಲಿ ಸೀಸದ ಕಡ್ಡಿ ಇನ್ನೊಂದು ಕೆಲಸಕ್ಕೂ ಅನಿವಾರ್ಯವಾಗಿದೆ. ವಸ್ತುಸಂಗ್ರಹಾಲಯಗಳಲ್ಲಿ ಮೀನನ್ನು ಮದ್ಯಸಾರ ತುಂಬಿದ ಗಾಜಿನ ಜಾಡಿಯಲ್ಲಿ ಇಡುವಾಗ, ಹಿಡಿದ ಸ್ಥಳ ಮತ್ತು ದಿನಾಂಕದ ಚೀಟಿಯನ್ನು ಜಾಡಿಯೊಳಗೇ ಹಾಕುವ ಪದ್ಧತಿಯುಂಟು. ಸಾಧಾರಣ ಶಾಯಿಯಲ್ಲಿ ಬರೆದರೆ ಅಕ್ಷರ ಕರಗಿಹೋಗುತ್ತದೆ. ಗ್ರಾಫೈಟ್ ನೀರಿಗಾಗಲಿ ಮದ್ಯಸಾರಕ್ಕಾಗಲಿ ಜಗ್ಗುವುದಿಲ್ಲ. ನೂರು ವರ್ಷದ ಹಿಂದಿನ ಮೀನು ಬಣ್ಣಗೆಟ್ಟು ಹಳದಿಯಾಗಿದ್ದರೂ ಅದರ ಪಕ್ಕದ ಚೀಟಿಯನ್ನು ಓದಬಹುದು. ಕೆರೆಯ ದಂಡೆಯಲ್ಲಿ ಒದ್ದೆ ಕೈಯಲ್ಲಿ, ತುಂತುರು ಮಳೆಯಲ್ಲಿ ಬರೆಯುವವನಿಗೂ ಇದೇ ಗುಣ ಒದಗಿಬರುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಶಾಲೆಗಳಲ್ಲಿ ಮೀನು ಹೇಗೆ ಬರೆಯಲ್ಪಡುತ್ತಿದೆ? ಜೀವಶಾಸ್ತ್ರದ ರೆಕಾರ್ಡು ಪುಸ್ತಕವನ್ನು ತೆರೆದರೆ ಉತ್ತರ ಸಿಗುತ್ತದೆ. ನಲವತ್ತು ವಿದ್ಯಾರ್ಥಿಗಳ ನಲವತ್ತು ಮೀನುಗಳೂ ಎಡಕ್ಕೆ ಮುಖಮಾಡಿ, ಒಂದೇ ಅಳತೆಯಲ್ಲಿ, ಒಂದೇ ನಗೆ ನಗುತ್ತಿರುತ್ತವೆ. ಎಲ್ಲವೂ ಒಂದೇ ಅಚ್ಚಿನ ಚಿತ್ರದ ಪ್ರತಿಗಳು. ಜೀವಶಾಸ್ತ್ರದ ಅಧ್ಯಾಪಕರು ಮೊನೆಯಾದ ಎಚ್‌ಬಿ ಕಡ್ಡಿಯ ಒಂಟಿ ಗೆರೆಯನ್ನು ಕೇಳುತ್ತಾರೆ, ನೆರಳು ತುಂಬಿದರೆ ಅಂಕ ಕಳೆಯುತ್ತಾರೆ. ಅದೇ ವಿದ್ಯಾರ್ಥಿ ಲೋಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಕುಳಿತಾಗ ನೆರಳಿಲ್ಲವೆಂದು ಅಂಕ ಹೋಗುತ್ತದೆ. ಇಬ್ಬರೂ ತಮ್ಮ ತಮ್ಮ ದೃಷ್ಟಿಯಿಂದ ಸರಿ. ಭಾಗಗಳನ್ನು ಗುರುತಿಸುವ ನಕ್ಷೆಯಲ್ಲಿ ನೆರಳು ಅಡ್ಡಿಯೇ; ವಸ್ತುವಿನ ಮೈಯನ್ನು ತೋರಿಸುವ ಚಿತ್ರದಲ್ಲಿ ಒಂಟಿ ಗೆರೆ ಬಡತನವೇ. ಕೊರತೆಯಿರುವುದು ಬೇರೆ ಕಡೆ: ಇಬ್ಬರ ಮೇಜಿನ ಮೇಲೂ ಮೀನಿಲ್ಲ. ಅಡುಗೆಮನೆಗೆ ಮೀನು ಬಾರದ ಮನೆಗಳ ಮಕ್ಕಳಂತೂ ಮೀನನ್ನು ಹತ್ತಿರದಿಂದ ನೋಡದೆಯೇ ಅದರ ಏಳು ಭಾಗಗಳ ಹೆಸರು ಬರೆದು ಪೂರ್ಣ ಅಂಕ ಪಡೆಯುತ್ತಾರೆ. ನೋಡುವುದಕ್ಕೆ ತಿನ್ನಬೇಕಾಗಿಲ್ಲ, ಕೊಲ್ಲಬೇಕಾಗಿಯೂ ಇಲ್ಲ. ಗಾಜಿನ ತೊಟ್ಟಿಯಲ್ಲಿ ಎರಡು ಗೆಂಡೆ ಮರಿಗಳಿದ್ದರೂ ಪಾಠ ನಡೆಯುತ್ತದೆ. ಸಸ್ಯಗಳ ಮಟ್ಟಿಗೆ ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ಮೇಲ್ಪಂಕ್ತಿಯಿದೆ. 1976ರ ‘ಹಸುರು ಹೊನ್ನು’ ಗ್ರಂಥಕ್ಕೆ ಅವರೇ ಚಿತ್ರಗಳನ್ನು ಬರೆದರು. ಕಾಡಿನಲ್ಲಿ ಕಂಡ ಗಿಡವನ್ನು ಕಂಡಂತೆ ಗೆರೆಗಿಳಿಸುವ ವಿಜ್ಞಾನಿಯ ಕೈ ಅಲ್ಲಿ ಕಾಣುತ್ತದೆ. ಮೀನಿಗೆ ಆ ಭಾಗ್ಯ ಕನ್ನಡದಲ್ಲಿ ಅಷ್ಟಾಗಿ ಒದಗಿಲ್ಲ.

ಶಾಲೆಗಳ ಸಂಚಿಕೆಗಳಲ್ಲಿ ವಿದ್ಯಾರ್ಥಿಗಳ ಸೀಸದ ಕಡ್ಡಿಯ ಚಿತ್ರಗಳು ವಿರಳವಾಗಿದ್ದುದಕ್ಕೆ ಮುದ್ರಣದ ಕಾರಣವೂ ಇತ್ತು. ಅಚ್ಚುಮೊಳೆಯ ಕಾಲದಲ್ಲಿ ರೇಖಾಬ್ಲಾಕಿಗೆ ಕರಿಯ ಶಾಯಿಯ ಗೆರೆಯೇ ಬೇಕಾಗಿತ್ತು. ಬೂದಿಯ ಛಾಯೆಗಳು ಬ್ಲಾಕಿನಲ್ಲಿ ಮಾಯವಾಗುತ್ತಿದ್ದವು. ಈಗ ಆ ಅಡ್ಡಿಯಿಲ್ಲ.

ಮೀನು ಸಿಗದು ಎಂಬ ನೆಪವೂ ಹಿಂದಿನಷ್ಟು ನಿಲ್ಲುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೆರೆಗಳು ಬತ್ತಿ ಬಿರಿದ ವರ್ಷಗಳು ಅನೇಕ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ನಡೆದಿದೆ. ಆ ನೀರಿನ ಗುಣದ ಬಗ್ಗೆ ವಾದವಿವಾದಗಳು ನ್ಯಾಯಾಲಯದವರೆಗೂ ಹೋಗಿವೆ. ಕೆರೆಯ ಮೀನನ್ನು ತಿಂಗಳಿಗೊಮ್ಮೆ ನಿಜವಾಗಿ ನೋಡಿ ಬರೆಯುವ ಶಾಲೆಯೊಂದಿದ್ದರೆ, ಅದರ ಮಕ್ಕಳ ಕೈಯಲ್ಲಿ ಆ ನೀರಿನ ಮೇಲೊಂದು ದಾಖಲೆಯೂ ಬೆಳೆಯುತ್ತಿತ್ತು: ಯಾವ ಮೀನು ಬಂತು, ಯಾವುದು ಹೋಯಿತು, 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಎಲ್ಲಿ ಹೆಚ್ಚಿತು, ಕೊರಮೀನು ಎಲ್ಲಿ ಉಳಿಯಿತು, ಯಾವುದರ ಈಜುರೆಕ್ಕೆ ಕೊಳೆತಿತ್ತು ಎಂಬುದೆಲ್ಲ ದಿನಾಂಕದೊಡನೆ.

ಹಾಗೆ ಬರೆಯಿಸಲು ಹೊರಡುವ ಅಧ್ಯಾಪಕರು ವೇಳೆಯ ವಿಚಾರದಲ್ಲಿ ಎಚ್ಚರವಾಗಿರಬೇಕು. ಬೆಸ್ತರ ಬುಟ್ಟಿಯಿಂದ ತಂದ ಮೀನು ಬಹಳ ಹೊತ್ತು ಕಾಯುವುದಿಲ್ಲ. ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ಇಡಬೇಕು. ಕಣ್ಣನ್ನು ಮೊದಲು ಬರೆಯಬೇಕು, ಏಕೆಂದರೆ ತಾಜಾ ಮೀನಿನ ಉಬ್ಬಿದ ತಿಳಿಗಣ್ಣು ಬೇಗನೆ ಮಸುಕಾಗಿ ಒಳಕ್ಕೆ ಕುಸಿಯುತ್ತದೆ. ಅದರ ಹಿಂದೆಯೇ ಕಿವಿರು ಮುಚ್ಚಳದ ಹೊಳಪು, ಆಮೇಲೆ ಪಕ್ಕೆಯಲ್ಲಿ ಬಿಳಿಯಾಗಿ ಬಿಡಬೇಕಾದ ಜಾಗಗಳ ಗಡಿ. ಹುರುಪೆ ಒಣಗತೊಡಗಿದರೆ ಅಂಗೈಯಲ್ಲಿ ನೀರು ಚಿಮುಕಿಸಬಹುದು. ಬೆನ್ನಿನ ಕಪ್ಪನ್ನು ನಿಧಾನವಾಗಿ ತುಂಬಿಕೊಳ್ಳಬಹುದು. ಬಾಲದ ಈಜುರೆಕ್ಕೆಯ ಕಡ್ಡಿಗಳನ್ನು ಎಣಿಸುವ ಕೆಲಸ ಕೊನೆಗಿದ್ದರೂ ತೊಂದರೆಯಿಲ್ಲ, ಅವು ಮರುದಿನವೂ ಅಷ್ಟೇ ಇರುತ್ತವೆ.